ಬೀದಿದೀಪದ ಬೆಳಕಿನಲ್ಲಿ ಹೂ ಬಿಡದ ಅವರೆ

ಮಾಗಡಿಯ ಸೋದರತ್ತೆ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟ ಸೊಗಡವರೆ ಬೀಜವನ್ನು ನಾನು ಫೆಬ್ರವರಿಯಲ್ಲೇ ಬಿತ್ತಿದೆ. ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯಲ್ಲಿ ಟೊಮೆಟೊ, ಬೆಂಡೆ, ದಂಟು ಎಲ್ಲವೂ ಬರುತ್ತಿದ್ದವು. ಅವರೆಯೂ ಬರುತ್ತದೆ ಎಂಬ ಧೈರ್ಯ. ಬಳ್ಳಿಯೇನೋ ಬಂತು. ಮೇ ಹೊತ್ತಿಗೆ ಚಪ್ಪರ ತುಂಬಿ, ಬಟ್ಟೆ ಒಣಗಿಸುವ ತಂತಿಗೂ ಸುತ್ತಿಕೊಂಡಿತು. ಹೂವು ಮಾತ್ರ ಒಂದೂ ಇಲ್ಲ. ಗೊಬ್ಬರ ಸಾಲದೇನೋ ಎಂದು ಬೇವಿನ ಹಿಂಡಿ ಹಾಕಿದರೆ ಎಲೆ ಇನ್ನಷ್ಟು ಅಗಲವಾದವು. ಆಗಸ್ಟ್‌ನಲ್ಲಿ ಬೇಸತ್ತು ಕಿತ್ತುಹಾಕಿದೆ. ಆ ಬಳ್ಳಿಗಳಿಗೆ ನಾನು ಮಾಡಿದ ಅನ್ಯಾಯ ಅರ್ಥವಾಗಲು ಇನ್ನೆರಡು ವರ್ಷ ಬೇಕಾಯಿತು.

ಅತ್ತೆಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ಅವರೆಗೆ ಮಾಗಿ ಬರಬೇಕು ಕಣೇ. ಇಬ್ಬನಿ ಬೀಳದೆ ಅದು ಹೂವು ಬಿಡುವುದಿಲ್ಲ." ಅವರ ಹೊಲದಲ್ಲಿ ಅವರೆ ಬೀಳುವುದು ಮಳೆಗಾಲದಲ್ಲಿ, ರಾಗಿಯ ನಡುವಿನ ಅಕ್ಕಡಿ ಸಾಲಿಗೆ. ರಾಗಿ ಇರುವ ತನಕ ಅದರ ನೆರಳಲ್ಲಿ ತೆಪ್ಪಗಿರುತ್ತದೆ. ರಾಗಿ ಕೊಯ್ಲಾದ ಮೇಲೆ ಹೊಲವೆಲ್ಲ ಅವರೆಯದೇ.

ಎರಡನೆಯ ವರ್ಷ ಜುಲೈ ಕೊನೆಗೆ ಎಂಟು ಗ್ರೋ ಬ್ಯಾಗ್‌ಗಳಲ್ಲಿ ಬಿತ್ತಿದೆ. ನಾಲ್ಕು ಪೂರ್ವಕ್ಕೆ, ಮೆಟ್ಟಿಲುಕೋಣೆಯ ಗೋಡೆಯ ಮರೆಯಲ್ಲಿ. ನಾಲ್ಕು ಪಶ್ಚಿಮಕ್ಕೆ, ರಸ್ತೆಯ ಕಡೆಯ ಮೋಟುಗೋಡೆಯ ಬಳಿ. ಬೀಜ ಒಂದೇ, ಮಣ್ಣು ಒಂದೇ, ನೀರೂ ಒಂದೇ ಅಳತೆ. ನವೆಂಬರ್ ನಡುವಿನಲ್ಲಿ ಪೂರ್ವದ ಬಳ್ಳಿಗಳು ಮೊಗ್ಗು ಬಿಟ್ಟವು. ಪಶ್ಚಿಮದವು ಬಿಡಲಿಲ್ಲ, ಬಿಸಿಲು ಅವಕ್ಕೇ ಹೆಚ್ಚು ಬೀಳುತ್ತಿದ್ದರೂ. ಚಳಿ, ಇಬ್ಬನಿ ಎರಡೂ ಕಡೆ ಸಮವಾಗಿಯೇ ಇದ್ದವಲ್ಲ, ಹಾಗಿದ್ದರೆ ಅತ್ತೆಯ ಮಾತು ಎಲ್ಲಿ ತಪ್ಪಿತು?

ಉತ್ತರ ಸಿಕ್ಕಿದ್ದು ಒಂದು ರಾತ್ರಿ ಮರೆತ ಬಟ್ಟೆ ತರಲು ಮೇಲೆ ಹೋದಾಗ. ಬೀದಿಯ ಎಲ್‌ಇಡಿ ದೀಪ ಪಶ್ಚಿಮದ ಬಳ್ಳಿಗಳ ಮೇಲೆ ನೇರವಾಗಿ ಬೀಳುತ್ತಿತ್ತು. ಚೀಲದ ಮೇಲಿನ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಬಹುದಾದಷ್ಟು ಬೆಳಕು. ಆ ನಾಲ್ಕರಲ್ಲಿ ಒಂದು ಬಳ್ಳಿಯ ಒಂದೇ ಕವಲು ನೀರಿನ ಟ್ಯಾಂಕಿನ ಹಿಂದಕ್ಕೆ, ಕತ್ತಲೆಗೆ ಹರಿದಿತ್ತು. ಅದರಲ್ಲಿ ಮಾತ್ರ ಎರಡು ಹೂಗೊಂಚಲು. ನಾನು ಟಾರ್ಚ್ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಆಮೇಲೆ ಓದಲು ಕೂತೆ. ಗಿಡಗಳು ಹಗಲು ರಾತ್ರಿಯ ಉದ್ದವನ್ನು ಅಳೆದು ಹೂವು ಬಿಡುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಬೇಸಿಗೆಯಲ್ಲಿ ಎಷ್ಟು ಬೆಳೆದರೂ ಹೂ ಬಿಡದ ಒಂದು ತಂಬಾಕು ತಳಿಯನ್ನು ಅವರು ದಿನದ ಒಂದಷ್ಟು ಹೊತ್ತು ಕತ್ತಲೆಯ ಕೋಣೆಯಲ್ಲಿಟ್ಟಾಗ ಅದು ಹೂವು ಬಿಟ್ಟಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೂ ಮುಂದೆ ಹೋದರು. ಇಂಥ ಗಿಡ ಲೆಕ್ಕ ಹಾಕುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು. ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಲೆಕ್ಕ ಕೆಡುತ್ತದೆ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕು ಬಿದ್ದಾಗ ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಮರಳುತ್ತದೆ. ಬಿಳಿ ದೀಪದ ಬೆಳಕಿನಲ್ಲಿಯೂ ಕೆಂಪು ಇದ್ದೇ ಇದೆ.

ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಆರು ತಿಂಗಳಲ್ಲಿ ಒಂದೂವರೆ ಗಂಟೆಯ ಈ ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ಅವರೆಗೆ ಅಷ್ಟು ಸಾಕು. ಮಳೆ ಬೇಗ ನಿಲ್ಲಬಹುದು, ಚಳಿ ತಡವಾಗಬಹುದು, ರಾತ್ರಿಯ ಉದ್ದ ಮಾತ್ರ ವರ್ಷ ವರ್ಷವೂ ಹೇಳಿದ ದಿನಕ್ಕೆ ಬರುತ್ತದೆ. ಅದನ್ನು ನಂಬಿದ ಬಳ್ಳಿಯ ಹೂವು ಮಳೆಗೆ ಕೊಳೆಯುವುದಿಲ್ಲ, ಬೀಜ ಒಣಹವೆಯಲ್ಲಿ ಬಲಿಯುತ್ತದೆ. ಅತ್ತೆ ತಪ್ಪು ಹೇಳಿರಲಿಲ್ಲ. ಮಾಗಿಯಲ್ಲಿ ಚಳಿಯೂ ದೀರ್ಘ ರಾತ್ರಿಯೂ ಒಟ್ಟಿಗೇ ಬರುತ್ತವೆ. ಮೈಗೆ ತಾಕುವುದು ಚಳಿ, ಬಳ್ಳಿಗೆ ತಾಕುವುದು ರಾತ್ರಿ. ತಂಪಿಗೆ ಪಾತ್ರವೇ ಇಲ್ಲವೆಂದು ನಾನು ಹೇಳಲಾರೆ, ಆದರೆ ನನ್ನ ತಾರಸಿಯ ಎರಡು ಸಾಲುಗಳನ್ನು ಬೇರೆ ಮಾಡಿದ್ದು ಅದಲ್ಲ.

ಮೂರನೆಯ ವರ್ಷ ಪರೀಕ್ಷೆಗೇ ಇಳಿದೆ. ಪಶ್ಚಿಮದಲ್ಲಿ ಮತ್ತೆ ನಾಲ್ಕು ಚೀಲ ಇಟ್ಟು, ಬಳ್ಳಿಗಳನ್ನು ನಾಲ್ಕಡಿಗೆ ಚಿವುಟಿ ಗಿಡ್ಡವಾಗಿ ಉಳಿಸಿಕೊಂಡೆ. ಅಕ್ಟೋಬರ್ ಮೊದಲ ವಾರದಿಂದ ಎರಡಕ್ಕೆ ಸಂಜೆ ಆರಕ್ಕೆ ಹೊದಿಕೆ, ಬೆಳಿಗ್ಗೆ ಆರೂವರೆಗೆ ಬಿಡುಗಡೆ. ಇನ್ನೆರಡು ದೀಪದ ಬೆಳಕಿಗೇ. ಮೊದಲು ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆ. ಒಂದೇ ವಾರದಲ್ಲಿ ಒಳಗೆ ಬೆವೆತು ಎಲೆಗಳಲ್ಲಿ ಕೊಳೆ ಕಾಣಿಸಿತು. ಪ್ಲಾಸ್ಟಿಕ್ ಬಿಟ್ಟು ಬಿದಿರಿನ ಗಳುಗಳ ಮೇಲೆ ಕರಿಯ ಕಂಬಳಿ ಇಳಿಬಿಟ್ಟೆ. ಕೆಳಗೆ ಒಂದು ಗೇಣು ಬಿಟ್ಟು, ಅಲ್ಲಿ ಬೆಳಕು ನುಸುಳದಂತೆ ಸುತ್ತ ಇಟ್ಟಿಗೆ ನಿಲ್ಲಿಸಿ, ಗಾಳಿಗೆ ಸಂದು ಉಳಿಸಿದೆ. ಕಂಬಳಿಯ ಮರೆಯಲ್ಲಿ ಕರಿ ಹೇನು ಹೆಚ್ಚಾಯಿತು. ದಿನ ಬಿಟ್ಟು ದಿನ ನೀರು ಚಿಮ್ಮಿಸಿ ತೊಳೆಯಬೇಕಾಯಿತು. ಎರಡು ಸಂಜೆ ಊರಿನಲ್ಲಿ ಇರಲಿಲ್ಲ. ಪಕ್ಕದ ಮನೆಯ ಹುಡುಗ ಹತ್ತನೆಯ ತರಗತಿಯ ಓದು ಬಿಟ್ಟು ಬಂದು ಹೊದಿಸಿದ. ಅವನಿಗೂ ಆಗಲೇ ಕುತೂಹಲ ಅಂಟಿತ್ತು.

ನವೆಂಬರ್ 4ರಂದು ಕಂಬಳಿಯ ಎರಡೂ ಬಳ್ಳಿಗಳ ಎಲೆಸಂದಿಯಲ್ಲಿ ಮೊಗ್ಗಿನ ಕಡ್ಡಿಗಳು ಎದ್ದವು. ಪಕ್ಕದಲ್ಲೇ, ಒಂದು ಮಾರು ದೂರದಲ್ಲಿದ್ದ ಇನ್ನೆರಡರಲ್ಲಿ ಡಿಸೆಂಬರ್ ಮೂರನೆಯ ವಾರದವರೆಗೂ ಏನೂ ಇಲ್ಲ. ಬಂದ ಮೇಲೂ ದೀಪಕ್ಕೆ ಬೆನ್ನು ಮಾಡಿದ ತಗ್ಗಿನ ಕವಲುಗಳಲ್ಲಿ ಮಾತ್ರ. ನಾಲ್ಕು ಚೀಲದ ಪರೀಕ್ಷೆ ವಿಜ್ಞಾನಿಗಳ ಎದುರು ದೊಡ್ಡದಲ್ಲ, ನನಗೆ ಗೊತ್ತು. ಆದರೂ ಅಂದು ಬೆಳಿಗ್ಗೆ ಆ ಹುಡುಗನನ್ನು ಕೂಗಿ ಕರೆದಾಗ ನನ್ನ ದನಿ ನಡುಗುತ್ತಿತ್ತು.

ದೀಪವನ್ನು ತೆಗೆಸಬೇಕೆಂದು ನನಗೆ ಅನಿಸಲಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಆ ಬೆಳಕು ಬೇಕು. ಜಾಗ ಬದಲಿಸಬೇಕಾದವಳು ನಾನು. ಈಗ ಸೊಗಡವರೆ ಪೂರ್ವದ ಗೋಡೆಯ ಮರೆಗೆ, ಜುಲೈ ಕೊನೆಯಲ್ಲಿ. ಪಶ್ಚಿಮಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಹೆಬ್ಬಾಳ ಅವರೆ. ರಾತ್ರಿಯ ಉದ್ದವನ್ನು ಕಾಯುವ ಗುಣ ಆ ಗಿಡ್ಡ ತಳಿಯಲ್ಲಿಲ್ಲ. ಯಾವ ತಿಂಗಳು ಹಾಕಿದರೂ ನನ್ನಲ್ಲಿ ಒಂದೂವರೆ ತಿಂಗಳಿಗೆಲ್ಲ ಹೂವು ಕಂಡಿದೆ. ತಾರಸಿಯಲ್ಲಿ ಅವರೆ ಬೆಳೆಯಬೇಕೆನ್ನುವವರಿಗೆ ನಾನು ಮೊದಲು ಹೇಳುವುದು, ರಾತ್ರಿ ಒಂಬತ್ತಕ್ಕೆ ಮೇಲೆ ಹೋಗಿ ಬೆಳಕು ಎಲ್ಲೆಲ್ಲಿ ಬೀಳುತ್ತದೆ ನೋಡಿ ಬನ್ನಿ, ಆಮೇಲೆ ಚೀಲ ಇಡಿ ಎಂದು.

ಹೆಬ್ಬಾಳ ಅವರೆಗೆ ನಾಟಿಯಷ್ಟು ಸೊಗಡಿಲ್ಲ ಎಂಬುದು ನನ್ನ ಮೂಗಿನ ತೀರ್ಪು. ಕಳೆದ ಜನವರಿಯಲ್ಲಿ ಅತ್ತೆ ಬಂದಿದ್ದಾಗ ಪೂರ್ವದ ಬಳ್ಳಿಯ ಕಾಯಿ ಬಿಡಿಸಿ, ಹಿತಕಿದ ಬೇಳೆಯ ಸಾರು ಮಾಡಿದೆವು. ಕಾಯಿಯ ಮೇಲಿನ ಎಣ್ಣೆಜಿಡ್ಡು ಹತ್ತಿದ ಬೆರಳುಗಳನ್ನು ಅತ್ತೆ ಮೂಗಿಗೆ ಹಿಡಿದು, "ಇದು ನಮ್ಮ ಹೊಲದ್ದೇ" ಎಂದರು. ಬಿತ್ತನೆಗೆಂದು ಎರಡು ಹಿಡಿ ಬೀಜ ಒಣಗಿಸಿ, ಅದೇ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದೇನೆ.