₹400ರ ಪೆನ್‌ಡ್ರೈವ್‌ನಲ್ಲಿ ಡೆಬಿಯನ್ ಲೈವ್: ಪರ್ಸಿಸ್ಟೆನ್ಸ್ ಬಾಳಿಕೆ ಬರುವಂತೆ ಮಾಡಿದ ಬಗೆ

ಲೈವ್ ಯುಎಸ್‌ಬಿ ಎಂದರೆ ಇನ್‌ಸ್ಟಾಲ್ ಮಾಡದೆ ನೇರ ಪೆನ್‌ಡ್ರೈವ್‌ನಿಂದಲೇ ಓಡುವ ಸಿಸ್ಟಂ, ಪರ್ಸಿಸ್ಟೆನ್ಸ್ ಎಂದರೆ ಅದರಲ್ಲಿ ಮಾಡಿದ ಬದಲಾವಣೆಗಳು ಮುಂದಿನ ಬೂಟ್‌ಗೂ ಉಳಿಯುವ ಏರ್ಪಾಡು. ಲೈವ್ ಯುಎಸ್‌ಬಿಗೆ ಪರ್ಸಿಸ್ಟೆನ್ಸ್ ಹಾಕಿದರೆ ನಾಲ್ಕೈದು ತಿಂಗಳಲ್ಲಿ ಪೆನ್‌ಡ್ರೈವ್ ಕೈಕೊಡುತ್ತದೆ, ಅಪ್‌ಡೇಟ್ ಮಾಡಿದ ಮೇಲೆ ಸಿಸ್ಟಂ ಕೆಡುತ್ತದೆ, ಫೈರ್‌ಫಾಕ್ಸ್ ತೆರೆದರೆ ಮೌಸ್ ಕೂಡ ಅಲ್ಲಾಡುವುದಿಲ್ಲ. ಈ ಮೂರೂ ಮಾತುಗಳನ್ನು ಬಲ್ಲವರೇ ಹೇಳಿದ್ದರು. ಸಿಸ್ಟಂ ಪೂರ್ತಿಯನ್ನು ಉಳಿಸಿಡಲು ಹೊರಟರೆ ಮೂರೂ ನಿಜ. ಸಾಫ್ಟ್‌ವೇರ್ ಎಲ್ಲ ಸ್ಕ್ವಾಷ್‌ಎಫ್‌ಎಸ್ (ಓದಲು ಮಾತ್ರ ಬರುವ, ಒತ್ತಿ ಕಿರಿದಾಗಿಸಿದ ಸಿಸ್ಟಂ ಫೈಲ್) ಒಳಗೆ, ಬಳಕೆದಾರರ ಡೇಟಾ ಮಾತ್ರ ಪರ್ಸಿಸ್ಟೆನ್ಸ್‌ನಲ್ಲಿ ಎಂದು ಬೇರೆ ಮಾಡಿದ ಮೇಲೆ ಡೆಬಿಯನ್ 12 ಲಿನಕ್ಸ್‌ನ ಎಲ್‌ಎಕ್ಸ್‌ಕ್ಯೂಟಿ (ಹಗುರ ಡೆಸ್ಕ್‌ಟಾಪ್) ಲೈವ್ 2 ಜಿಬಿ ರ‍್ಯಾಮ್‌ನ ಕೋರ್ 2 ಡುಯೋ ಯಂತ್ರಗಳಲ್ಲೂ ವರ್ಷ ದಾಟಿ ಓಡುತ್ತಿದೆ. ಬೇಡ ಎಂದಿದ್ದವರಲ್ಲಿ ಕೆಲವರು ಈಗ ಪ್ರತಿ ಕೇಳುತ್ತಿದ್ದಾರೆ.

ಮೊದಲು ಪೆನ್‌ಡ್ರೈವ್. ಒಳ್ಳೆಯ ಬ್ರ್ಯಾಂಡಿನ 32 ಜಿಬಿ, ಯುಎಸ್‌ಬಿ 3.0 ಆದರೆ ಸುಮಾರು ₹400. ₹200ಕ್ಕೆ ಸಿಗುವ 64 ಜಿಬಿ ಮಾಲಿನಲ್ಲಿ ನಿಜವಾಗಿ 8 ಜಿಬಿಯೂ ಇಲ್ಲದ್ದನ್ನು ನೋಡಿದ್ದೇನೆ. ಮಿತಿ ದಾಟಿದ ಮೇಲೆ ಬರೆದದ್ದೆಲ್ಲ ಸದ್ದಿಲ್ಲದೆ ಹಾಳಾಗುತ್ತದೆ, ಎರರ್ ಕೂಡ ಬರುವುದಿಲ್ಲ. ಹೊಸ ಡ್ರೈವ್ ಬಂದ ಕೂಡಲೇ ಡ್ರೈವ್‌ನ ನಿಜ ಗಾತ್ರ ಪರೀಕ್ಷಿಸುವ ಎಫ್3 ಪ್ಯಾಕೇಜಿನಿಂದ ಪೂರ್ತಿ ಬರೆದು, ಪೂರ್ತಿ ಓದಿ ನೋಡಿ. ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಇನ್ನೊಂದು ಲೆಕ್ಕ: ಡಬ್ಬಿಯ ಮೇಲಿನ ವೇಗ ದೊಡ್ಡ ಫೈಲ್ ಓದುವುದಕ್ಕೆ ಸಂಬಂಧಿಸಿದ್ದು. ನಮಗೆ ಬೇಕಾದ್ದು 4 ಕೆಬಿ ತುಣುಕುಗಳನ್ನು ಅಲ್ಲಲ್ಲಿ ಬರೆಯುವ ವೇಗ, ಅಗ್ಗದ ಡ್ರೈವ್‌ಗಳು ಸೋಲುವುದು ಅಲ್ಲೇ. ಹಳೆಯ 120 ಜಿಬಿ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ಆ ಚಿಂತೆಯೇ ಇಲ್ಲ, ಆದರೆ ಖರ್ಚು ಮೂರು ಪಟ್ಟು, ಜೇಬಿಗೂ ಹಿಡಿಸುವುದಿಲ್ಲ.

ಐಎಸ್‌ಒವನ್ನು (ಡೆಬಿಯನ್ ಲೈವ್‌ನ ಡಿಸ್ಕ್ ಇಮೇಜ್ ಫೈಲ್) ಡಿಡಿ ಆಜ್ಞೆಯಿಂದ ಡ್ರೈವ್ ಮೇಲೆ ನೇರ ಬರೆದು ಉಳಿದ ಜಾಗದಲ್ಲಿ ಮೂರನೇ ಪಾರ್ಟಿಷನ್ ಮಾಡುವ ದಾರಿ ಎಲ್ಲರಿಗೂ ಗೊತ್ತು. ಅದರಲ್ಲಿ ಎರಡು ತೊಡಕು. ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್, ಡ್ರೈವ್‌ನಲ್ಲಿ ಐಎಸ್‌ಒ9660 (ಸಿಡಿ ಬಗೆಯ ಫೈಲ್‌ಸಿಸ್ಟಂ) ಗುರುತು ಕಂಡು, ಬರೆಯುವಾಗ ಅಳಿಸುತ್ತೇನೆ ಎನ್ನುತ್ತದೆ. ಅಳಿಸಿದರೆ ಲೈವ್ ಸಿಸ್ಟಂಗೆ ತನ್ನ ಫೈಲ್‌ಗಳೇ ಸಿಗುವುದಿಲ್ಲ. ವೈಪ್ ಆಯ್ಕೆಯನ್ನು ‘ನೆವರ್’ ಮಾಡಿಯೇ ಎಫ್‌ಡಿಸ್ಕ್ ತೆರೆಯಬೇಕು. ಎರಡನೆಯದು, ಐಎಸ್‌ಒ ಭಾಗ ಓದಲು ಮಾತ್ರ, ಹಾಗಾಗಿ ಗ್ರಬ್ (ಬೂಟ್ ಮಾಡಿಸುವ ಪ್ರೋಗ್ರಾಂ) ಮೆನು ತಿದ್ದುವಂತಿಲ್ಲ. ಪ್ರತಿ ಸಲ ಬೂಟ್ ಸಾಲಿನ ಕೊನೆಗೆ ಪರ್ಸಿಸ್ಟೆನ್ಸ್ ಆನ್ ಮಾಡುವ ಪದವನ್ನು ಕೈಯಾರೆ ಟೈಪ್ ಮಾಡಬೇಕು. ಬೇರೆಯವರ ಕೈಗೆ ಕೊಡುವ ಡ್ರೈವ್‌ಗೆ ಅದು ಆಗದ ಮಾತು.

ಆದ್ದರಿಂದ ಎಂಬಿಆರ್ ಬಗೆಯ ಪಾರ್ಟಿಷನ್ ಟೇಬಲ್, ಮೊದಲು 5 ಜಿಬಿ ಫ್ಯಾಟ್32 ಆಕ್ಟಿವ್, ಉಳಿದದ್ದೆಲ್ಲ ಪರ್ಸಿಸ್ಟೆನ್ಸ್‌ಗಾಗಿ ಇಎಕ್ಸ್‌ಟಿ4. ಐಎಸ್‌ಒವನ್ನು ಮೌಂಟ್ ಮಾಡಿ ಫೈಲ್‌ಗಳನ್ನು ಫ್ಯಾಟ್32ಗೆ ನಕಲಿಸಿ. ನಕ್ಷತ್ರ ಚಿಹ್ನೆ ಹಾಕಿ ನಕಲಿಸಿದರೆ ಚುಕ್ಕಿಯಿಂದ ಶುರುವಾಗುವ ‘.ಡಿಸ್ಕ್’ ಫೋಲ್ಡರ್ ಬಿಟ್ಟುಹೋಗುತ್ತದೆ. ಯುಇಎಫ್‌ಐ (ಹೊಸ ಯಂತ್ರಗಳ ಬೂಟ್ ಕ್ರಮ) ಗ್ರಬ್ ತನ್ನ ಡ್ರೈವ್ ಯಾವುದೆಂದು ಗುರುತಿಸುವುದು ಅದರಿಂದಲೇ, ಅದಿಲ್ಲದಿದ್ದರೆ ಬರಿಯ ಗ್ರಬ್ ಪ್ರಾಂಪ್ಟ್ ಬಂದು ನಿಲ್ಲುತ್ತದೆ. ಸಿಮ್‌ಲಿಂಕ್ (ಬೇರೆ ಫೈಲಿನತ್ತ ತೋರಿಸುವ ಕೊಂಡಿ) ನಕಲಿಸಲಾಗಲಿಲ್ಲ ಎಂಬ ದೂರು ಬಂದರೆ ಬಿಟ್ಟುಬಿಡಿ, ಫ್ಯಾಟ್‌ನಲ್ಲಿ ಅದಕ್ಕೆ ಜಾಗವಿಲ್ಲ. ಸ್ಕ್ವಾಷ್‌ಎಫ್‌ಎಸ್ ಎರಡೂವರೆ, ಮೂರು ಜಿಬಿ ಆಸುಪಾಸು, ಫ್ಯಾಟ್32ರ 4 ಜಿಬಿ ಫೈಲ್ ಮಿತಿಯೊಳಗೇ ಇದೆ. ಹಳೆಯ ಬಯಾಸ್ ಯಂತ್ರಗಳಿಗಾಗಿ ಐ386-ಪಿಸಿ ಟಾರ್ಗೆಟ್ ಕೊಟ್ಟು ಗ್ರಬ್ ಇನ್‌ಸ್ಟಾಲ್ ಮಾಡಿ, ಬೂಟ್ ಡೈರೆಕ್ಟರಿ ಅದೇ ಫ್ಯಾಟ್32 ಇರಲಿ. ಆಗ ಎರಡೂ ಬಗೆಯ ಯಂತ್ರಕ್ಕೆ ಒಂದೇ ಮೆನು ಫೈಲ್.

ಬೂಟ್ ಸಾಲಿಗೆ ಸೇರಿಸಬೇಕಾದ ಪದ ಡೆಬಿಯನ್‌ನಲ್ಲಿ ‘ಪರ್ಸಿಸ್ಟೆನ್ಸ್’, ಉಬುಂಟು ಬಳಗದಲ್ಲಿ ‘ಪರ್ಸಿಸ್ಟೆಂಟ್’. ಒಂದರ ಬದಲು ಇನ್ನೊಂದು ಹಾಕಿದರೆ ಎರರ್ ಇಲ್ಲ, ಏನೂ ಉಳಿಯುವುದೂ ಇಲ್ಲ. ಪಾರ್ಟಿಷನ್ ಲೇಬಲ್ ಕೂಡ ‘ಪರ್ಸಿಸ್ಟೆನ್ಸ್’, ಎಲ್ಲ ಸಣ್ಣ ಅಕ್ಷರ. ಅದರ ಎಲ್ಲಕ್ಕೂ ಮೇಲಿನ ಫೋಲ್ಡರಿನಲ್ಲಿ, ಏನೇನು ಉಳಿಸಬೇಕೆಂದು ಹೇಳುವ ಪರ್ಸಿಸ್ಟೆನ್ಸ್ ಡಾಟ್ ಕಾನ್ಫ್ ಫೈಲ್ ಇಲ್ಲದಿದ್ದರೂ ಹೀಗೇ ಮೌನ. ಹಲವು ಡ್ರೈವ್ ಇಟ್ಟುಕೊಂಡವರು ಪರ್ಸಿಸ್ಟೆನ್ಸ್-ಲೇಬಲ್ ಪ್ಯಾರಾಮೀಟರಿನಿಂದ ಒಂದೊಂದಕ್ಕೆ ಒಂದೊಂದು ಹೆಸರು ಕೊಡಿ. ಒಂದೇ ಯಂತ್ರಕ್ಕೆ ಎರಡು ಡ್ರೈವ್ ಚುಚ್ಚಿದಾಗ ಗೊಂದಲವಾಗುವುದಿಲ್ಲ.

ಇನ್ನು ಮುಖ್ಯ ವಿಷಯ. ಕಾನ್ಫ್ ಫೈಲಿನಲ್ಲಿ ‘/’ ಮುಂದೆ ‘ಯೂನಿಯನ್’ ಎಂದು ಬರೆದು ಮುಗಿಸುವುದು ರೂಢಿ. ಹಾಗೆಂದರೆ ಸಿಸ್ಟಂ ಪೂರ್ತಿಯ ಬದಲಾವಣೆಗಳು ಸ್ಕ್ವಾಷ್‌ಎಫ್‌ಎಸ್ ಮೇಲೆ ಇನ್ನೊಂದು ಪದರವಾಗಿ ಪೆನ್‌ಡ್ರೈವ್‌ನಲ್ಲಿ ಕೂಡುತ್ತವೆ. ಜನ ಸೋಲುವುದು ಅಲ್ಲಿಯೇ. ಹೊಸ ಪ್ಯಾಕೇಜ್ ಬಂದಾಗ ಹಳೆಯದು ಸ್ಕ್ವಾಷ್‌ಎಫ್‌ಎಸ್‌ನಲ್ಲಿ ಹಾಗೇ ಇರುತ್ತದೆ, ಹೊಸದು ಮೇಲಿನ ಪದರದಲ್ಲಿ ಜಾಗ ತಿನ್ನುತ್ತದೆ. ಹಳೆಯದನ್ನು ಅಳಿಸಿದರೂ ಒಂದು ಕೆಬಿ ಉಳಿತಾಯವಿಲ್ಲ. ಕರ್ನಲ್ (ಸಿಸ್ಟಂನ ತಿರುಳು) ಅಪ್‌ಡೇಟ್ ಬಂದರೆ ಹೊಸ ಮಾಡ್ಯೂಲ್‌ಗಳು ಕೆಲವು ನೂರು ಎಂಬಿ ಹಿಡಿಯುತ್ತವೆ, ಬೂಟ್ ಆಗುವುದು ಮಾತ್ರ ಫ್ಯಾಟ್32ರಲ್ಲಿರುವ ಹಳೆಯ ಕರ್ನಲ್. ಹೊಸ ಕರ್ನಲ್ ಹೋಗುವುದು ಮೇಲಿನ ಪದರದ ಬೂಟ್ ಫೋಲ್ಡರಿಗೆ, ಗ್ರಬ್ ಓದುವುದು ಫ್ಯಾಟ್32ರ ಲೈವ್ ಫೋಲ್ಡರನ್ನು. ದಿನವಿಡೀ ಲಾಗ್, ಕ್ಯಾಶ್, ಎಪಿಟಿ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ) ಪಟ್ಟಿಗಳು ಪೆನ್‌ಡ್ರೈವ್ ಮೇಲೆ ಬರೆಯುತ್ತಲೇ ಇರುತ್ತವೆ.

ನನ್ನ ಕಾನ್ಫ್ ಫೈಲಿನಲ್ಲಿ ಇರುವುದು ಐದೇ ಸಾಲು: ಹೋಮ್, ಯುಎಸ್‌ಆರ್ ಲೋಕಲ್, ಇಟಿಸಿ ಒಳಗಿನ ನೆಟ್‌ವರ್ಕ್‌ಮ್ಯಾನೇಜರ್ ಸಿಸ್ಟಂ-ಕನೆಕ್ಷನ್ಸ್, ಇಟಿಸಿ ಕಪ್ಸ್, ವಿಎಆರ್ ಲಿಬ್ ಬ್ಲೂಟೂತ್. ವೈ-ಫೈ ಪಾಸ್‌ವರ್ಡ್, ಪ್ರಿಂಟರ್, ಹೆಡ್‌ಫೋನ್ ಜೋಡಣೆ, ಬಳಕೆದಾರರ ಫೈಲ್ ಇಷ್ಟೂ ಉಳಿಯುತ್ತವೆ. ಯೂನಿಯನ್ ಎಂದು ಬರೆಯದಿದ್ದರೆ ಬೈಂಡ್ ಮೌಂಟ್ ಆಗುತ್ತದೆ, ಅಂದರೆ ಪದರವಿಲ್ಲದೆ ಆ ಫೋಲ್ಡರೇ ಪೆನ್‌ಡ್ರೈವ್‌ನಲ್ಲಿರುತ್ತದೆ, ಮೊದಲ ಸಲ ಸ್ಕ್ವಾಷ್‌ಎಫ್‌ಎಸ್‌ನಿಂದ ಅಲ್ಲಿನ ಫೈಲ್‌ಗಳು ತಾವೇ ನಕಲಾಗುತ್ತವೆ. ಇಲ್ಲಿ ಡೈರೆಕ್ಟರಿ ಮಾತ್ರ ಕೊಡಬಹುದು, ಒಂಟಿ ಫೈಲ್ ಕೊಡಲಾಗದು.

ಹಾಗಾದರೆ ಹೊಸ ಸಾಫ್ಟ್‌ವೇರ್ ಎಲ್ಲಿ? ಲೈವ್ ಫೋಲ್ಡರಿನಲ್ಲಿ ಒಂದಕ್ಕಿಂತ ಹೆಚ್ಚು ಸ್ಕ್ವಾಷ್‌ಎಫ್‌ಎಸ್ ಇದ್ದರೆ ಲೈವ್-ಬೂಟ್ (ಡೆಬಿಯನ್ ಲೈವ್ ಅನ್ನು ಎಬ್ಬಿಸುವ ಪ್ರೋಗ್ರಾಂ) ಎಲ್ಲವನ್ನೂ ಹೆಸರಿನ ಅಕ್ಷರಕ್ರಮದಲ್ಲಿ ಒಂದರ ಮೇಲೊಂದು ಪೇರಿಸುತ್ತದೆ. ಬೇರೊಂದು ಡ್ರೈವ್‌ನಲ್ಲಿ ಯೂನಿಯನ್ ಪರ್ಸಿಸ್ಟೆನ್ಸ್ ಹಾಕಿ ಬೂಟ್ ಮಾಡಿ, ಕರ್ನಲ್ ಪ್ಯಾಕೇಜ್ ಅಪ್‌ಡೇಟ್ ಆಗದಂತೆ ಹೋಲ್ಡ್‌ನಲ್ಲಿಟ್ಟು ಬೇಕಾದ್ದನ್ನೆಲ್ಲ ಇನ್‌ಸ್ಟಾಲ್ ಮಾಡುತ್ತೇನೆ: ಕನ್ನಡ ಫಾಂಟುಗಳ ಫಾಂಟ್ಸ್-ಕೆಎನ್‌ಡಿಎ, ಕನ್ನಡ ಟೈಪಿಂಗಿಗೆ ಐಬಸ್-ಎಂ17ಎನ್, ಝಡ್‌ರ‍್ಯಾಮ್-ಟೂಲ್ಸ್, ಪ್ರಿಂಟರ್ ಡ್ರೈವರ್‌ಗಳು. ಆಮೇಲೆ ಆ ಪಾರ್ಟಿಷನ್ನಿನ ‘ಆರ್‌ಡಬ್ಲ್ಯೂ’ ಫೋಲ್ಡರನ್ನು ಇನ್ನೊಂದು ಯಂತ್ರದಲ್ಲಿ ರೂಟ್ ಆಗಿಯೇ ಎಂಕೆಸ್ಕ್ವಾಷ್‌ಎಫ್‌ಎಸ್‌ನಿಂದ ಕಟ್ಟಿ, ಝಡ್ ಅಕ್ಷರದಿಂದ ಶುರುವಾಗುವ ಹೆಸರು ಕೊಟ್ಟು ಲೈವ್ ಫೋಲ್ಡರಿಗೆ ಹಾಕಿದರೆ ಮುಗಿಯಿತು. 300 ಎಂಬಿ ಸುತ್ತಮುತ್ತ ಬರುತ್ತದೆ. ಕಟ್ಟುವ ಮುನ್ನ ಹೋಮ್, ಲಾಗ್, ಎಪಿಟಿ ಕ್ಯಾಶ್ ಮತ್ತು ಪಟ್ಟಿಗಳು, ಯಂತ್ರದ ಗುರುತಾಗಿರುವ ಮಷೀನ್-ಐಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು ತೆಗೆಯಲೇಬೇಕು. ತೆಗೆಯದಿದ್ದರೆ ಪ್ರತಿ ಮಾಡಿದ ಡ್ರೈವ್‌ಗಳೆಲ್ಲ ನೆಟ್‌ವರ್ಕಿಗೆ ಒಂದೇ ಯಂತ್ರದಂತೆ ಕಾಣುತ್ತವೆ. ನನ್ನ ಹೊರಗಿಡುವ ಪಟ್ಟಿ ಇದಕ್ಕಿಂತ ಉದ್ದವಿದೆ. ಅದನ್ನು ಪೂರ್ತಿ ಇಲ್ಲಿ ಕೊಡುವುದಿಲ್ಲ, ಎರಡು ಸಲ ಕಟ್ಟಿ ನೋಡಿದವರಿಗೆ ತಾನೇ ತಿಳಿಯುತ್ತದೆ.

ಮುಖ್ಯ ಸ್ಕ್ವಾಷ್‌ಎಫ್‌ಎಸ್ ಅನ್ನು ಎಕ್ಸ್‌ಝಡ್ ಕಂಪ್ರೆಷನ್‌ನಿಂದ ಬೇಗ ಬಿಚ್ಚುವ ಝಡ್‌ಸ್ಟ್ಯಾಂಡರ್ಡ್‌ಗೆ ಬದಲಿಸಿಯೂ ನೋಡಿದೆ. ಗಾತ್ರ ಶೇ 10-15 ಹೆಚ್ಚಾಯಿತು, ಕೋರ್ 2 ಡುಯೋದಲ್ಲಿ ಬೂಟ್ ಸಮಯ ಎರಡು ನಿಮಿಷದಿಂದ ಸುಮಾರು ಒಂದೂಕಾಲು ನಿಮಿಷಕ್ಕೆ ಇಳಿಯಿತು. ಹೊಸ ಯಂತ್ರಗಳಲ್ಲಿ ವ್ಯತ್ಯಾಸ ಗೊತ್ತಾಗದು.

ಬರೆಯುವುದನ್ನು ತಗ್ಗಿಸುವ ಕೆಲಸವೂ ಇದೇ ಝಡ್ ಪದರದೊಳಗೆ. ಜರ್ನಲ್‌ಡಿ ಸ್ಟೋರೇಜ್ ವೊಲಟೈಲ್ (ಲಾಗ್ ರ‍್ಯಾಮಿನಲ್ಲಿ ಮಾತ್ರ), ಝಡ್‌ರ‍್ಯಾಮ್ ಸ್ವಾಪ್ (ರ‍್ಯಾಮಿನೊಳಗೇ ಒತ್ತಿ ಇಡುವ ಹೆಚ್ಚುವರಿ ಮೆಮೊರಿ) ಶೇ 50. ಫೈರ್‌ಫಾಕ್ಸ್‌ನ ಡಿಸ್ಕ್ ಕ್ಯಾಶ್ ಆಫ್, ಸೆಷನ್ ಉಳಿಸುವ ಅವಧಿ 15 ಸೆಕೆಂಡಿನಿಂದ 5 ನಿಮಿಷಕ್ಕೆ. ಮೌಸ್ ನಿಲ್ಲುವ ಕಾಯಿಲೆ ವಾಸಿಯಾದದ್ದು ಈ ಎರಡರಿಂದಲೇ. ಪ್ರೋಗ್ರಾಂಗಳು ಕ್ಯಾಶ್ ಇಡುವ ಜಾಗವಾದ ಎಕ್ಸ್‌ಡಿಜಿ ಕ್ಯಾಶ್ ಹೋಮ್ ಅನ್ನು ರ‍್ಯಾಮಿನಲ್ಲಿರುವ ರನ್ ಯೂಸರ್ ಕೆಳಗೆ ತಿರುಗಿಸಿದರೆ ಇನ್ನೂ ಹಗುರ, ಆದರೆ ಅದಕ್ಕೆ ಸಿಗುವುದು ರ‍್ಯಾಮಿನ ಶೇ 10 ಮಾತ್ರ. 2 ಜಿಬಿ ಯಂತ್ರದಲ್ಲಿ 200 ಎಂಬಿ ಬೇಗ ತುಂಬಿ ಪ್ರೋಗ್ರಾಂಗಳು ವಿಚಿತ್ರವಾಗಿ ಮುಚ್ಚಿಕೊಳ್ಳುತ್ತವೆ. ಲಾಗಿನ್‌ಡಿ ಕಾನ್ಫ್‌ನಲ್ಲಿ ಅದನ್ನು ಶೇ 20 ಮಾಡಿ. ವಿಂಡೋಸ್ ಕೂಡ ಇರುವ ಯಂತ್ರಗಳಲ್ಲಿ ಗಡಿಯಾರ ಐದೂವರೆ ಗಂಟೆ ಆಚೀಚೆ ಆಗುತ್ತದೆ. ಬೂಟ್ ಸಾಲಿನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತ ಮಾಡಿ, ಯುಟಿಸಿ ‘ನೋ’ ಎನ್ನಿ.

ಇಎಕ್ಸ್‌ಟಿ4ರ ಜರ್ನಲ್ (ಕರೆಂಟ್ ಹೋದಾಗ ಫೈಲ್‌ಸಿಸ್ಟಂ ಕೆಡದಂತೆ ಕಾಯುವ ದಾಖಲೆ) ತೆಗೆದರೆ ಬರೆಯುವುದು ಕಡಿಮೆಯಾಗುತ್ತದೆ ನಿಜ. ಯುಪಿಎಸ್ ಇಲ್ಲದ ಕಡೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಡುವ ಊರುಗಳಲ್ಲಿ ಆ ಉಳಿತಾಯ ಬೇಡ. ಜರ್ನಲ್ ಇರಲಿ, ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಇ2ಎಫ್‌ಎಸ್‌ಸಿಕೆ ಓಡಿಸಿ ಫೈಲ್‌ಸಿಸ್ಟಂ ಪರೀಕ್ಷಿಸಿ. ಆಂಟಿಎಕ್ಸ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಬದಲಾವಣೆಗಳನ್ನು ರ‍್ಯಾಮಿನಲ್ಲಿಟ್ಟು ಶಟ್‌ಡೌನ್‌ನಲ್ಲಿ ಒಮ್ಮೆಗೇ ಬರೆಯುವ ಆಯ್ಕೆ ಇದೆ, ಪೆನ್‌ಡ್ರೈವ್‌ಗೆ ಅದಕ್ಕಿಂತ ಹಿತವಾದದ್ದಿಲ್ಲ. ಆದರೆ ಕರೆಂಟ್ ಹೋದರೆ ಅಂದಿನ ಕೆಲಸವೆಲ್ಲ ಹೋಯಿತು. ಲ್ಯಾಪ್‌ಟಾಪ್ ಮಾತ್ರ ಬಳಸುವವರಿಗೆ ನಾನೇ ಅದನ್ನು ಶಿಫಾರಸು ಮಾಡುತ್ತೇನೆ.

ಡೆಬಿಯನ್ ಪಾಯಿಂಟ್ ರಿಲೀಸ್ (ಅದೇ ಆವೃತ್ತಿಯ ತಿದ್ದುಪಡಿ ಬಿಡುಗಡೆ) ಬಂದಾಗ ಹೊಸ ಐಎಸ್‌ಒದ ಸ್ಕ್ವಾಷ್‌ಎಫ್‌ಎಸ್, ಕರ್ನಲ್, ಇನಿಟ್‌ಆರ್‌ಡಿ (ಬೂಟ್‌ನ ಆರಂಭಕ್ಕೆ ಬೇಕಾದ ಫೈಲ್) ಮೂರನ್ನೂ ಒಟ್ಟಿಗೆ ಬದಲಿಸಿ, ಗ್ರಬ್ ಮೆನುವಿನ ಫೈಲ್ ಹೆಸರು ಸರಿಯಿದೆಯೇ ನೋಡಿ. ಹಳೆಯ ಝಡ್ ಪದರವನ್ನು ಮಾತ್ರ ಇಟ್ಟುಕೊಳ್ಳಬೇಡಿ. ಅದರೊಳಗಿನ ಡಿಪಿಕೆಜಿ ಸ್ಟೇಟಸ್ ಫೈಲ್ (ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ಪಟ್ಟಿ) ಹೊಸ ಸಿಸ್ಟಂನದ್ದನ್ನು ಮುಚ್ಚಿಬಿಡುತ್ತದೆ, ಸಿಸ್ಟಂನಲ್ಲಿ ಇಲ್ಲದ ಆವೃತ್ತಿಗಳನ್ನೂ ಎಪಿಟಿ ಇವೆ ಎನ್ನುತ್ತದೆ. ಪದರವನ್ನು ಹೊಸದಾಗಿ ಕಟ್ಟಿ, ಒಂದು ಗಂಟೆಯ ಕೆಲಸ. ಪರ್ಸಿಸ್ಟೆನ್ಸ್ ಪಾರ್ಟಿಷನ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.