ಹಾಯಿದೋಣಿ ಕೊಳ್ಳುವ ಮೊದಲು ಕಬ್ಬಿನ ಕಾಟಾಕ್ಕೆ ಹೋಗಿ

ಬೆಳಗಾವಿಯಲ್ಲಿ ದೋಣಿ ಇಟ್ಟುಕೊಂಡು, ರಜೆ ಸಿಕ್ಕಾಗ ಟ್ರೇಲರ್ ಮೇಲೆ ಎಳೆದು ಕಾರವಾರದಲ್ಲಿ ಹಾಯಿ ಬಿಚ್ಚುವ ಆಸೆ ಹಲವರಿಗಿದೆ. ಆದರೆ ದೋಣಿ ನೋಡಲು ಹೋದವರು ಸೀದಾ ಕ್ಯಾಬಿನ್ ಹೊಕ್ಕು ಹಾಸಿಗೆ ಮೇಲೆ ಮಲಗಿ ನೋಡುತ್ತಾರೆ. ಮೊದಲು ಬಗ್ಗಿ ತಳ ನೋಡಿ.

ಉದ್ದ 18ರಿಂದ 22 ಅಡಿ ಸಾಕು. ಅಗಲ 8 ಅಡಿ ದಾಟುವುದು ಬೇಡ. ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬರುತ್ತದೆ, ಅಲ್ವಾ?

ಆಮೇಲೆ ಕೀಲ್. ದೋಣಿ ಮಗುಚದಂತೆ, ಪಕ್ಕಕ್ಕೆ ಜಾರದಂತೆ ಹಿಡಿಯುವ ತಳದ ರೆಕ್ಕೆ ಇದು. ಮೇಲೆ ಮಡಚುವಂಥದ್ದನ್ನೇ ತಗೊಳ್ಳಿ. ಎತ್ತಿಕೊಂಡರೆ ಒಂದೂವರೆ ಅಡಿ ನೀರಿನಲ್ಲೂ ತೇಲುತ್ತದೆ, ಕಾಳಿ ನದಿಯ ಮರಳುದಿಬ್ಬ ತಗುಲಿದರೂ ಬಿಡಿಸಿಕೊಳ್ಳಬಹುದು. ಕೀಲನ್ನು ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಟಕ್ ಟಕ್ ಅಂದರೆ ಅದು ತಿರುಗುವ ಪಿನ್ ಸವೆದಿದೆ. ಎತ್ತುವ ತಂತಿಯನ್ನು ಬಟ್ಟೆಯಿಂದ ಒರೆಸಿ. ಬಟ್ಟೆ ಸಿಕ್ಕಿಕೊಂಡರೆ ಎಳೆ ಕಿತ್ತಿದೆ.

ಎಲ್ಲರೂ ಎಡವುವುದು ತೂಕದಲ್ಲಿ. ಮಾರುವವರು ಹೇಳುವ 600 ಕೆ.ಜಿ. ಬರೀ ದೋಣಿಯದು. ಟ್ರೇಲರ್ 250, ಇಂಜಿನ್, ಪೆಟ್ರೋಲ್, ಲಂಗರು, ಸರಪಳಿ, 40 ಲೀಟರ್ ನೀರು ಸೇರಿಸಿದರೆ ಸಾವಿರದ ಹತ್ತಿರ ಹೋಗುತ್ತದೆ. ನಿಮ್ಮ ಕಾರು ಎಷ್ಟು ಎಳೆಯಬಹುದು ಅಂತ ಕಾರಿನ ಕೈಪಿಡಿಯಲ್ಲಿದೆ, ಓದಿ. ಸುಮಾರು ಹತ್ತರಲ್ಲೊಂದು ಪಾಲು ಭಾರ ಕಾರಿನ ಹುಕ್ ಮೇಲೆ ಕೂರಬೇಕು. ನನ್ನ ಗೆಳೆಯರೊಬ್ಬರು ಇಂಜಿನ್, ಲಂಗರು ಎಲ್ಲಾ ದೋಣಿಯ ಹಿಂಬದಿಗೇ ತುಂಬಿಕೊಂಡು ಹೊರಟರು. ಖಾನಾಪುರ ಮುಟ್ಟುವ ಮೊದಲೇ ಟ್ರೇಲರ್ ಹಾವಿನಂತೆ ಹೊರಳತೊಡಗಿತು.

ಅಳೆಯುವುದು ಸುಲಭ. ಕಬ್ಬಿನ ಗಾಡಿಗಳನ್ನು ತೂಗುವ ಕಾಟಾಕ್ಕೆ ಹೋಗಿ. ಹುಕ್ ಬಿಚ್ಚಿ, ಕಾರು ಬಿಟ್ಟು, ದೋಣಿ-ಸಾಮಾನು ಹೇರಿದ ಟ್ರೇಲರ್ ಒಂದನ್ನೇ ತೂಗಿ. ಮತ್ತೆ ಹುಕ್ ಹಾಕಿ, ಕಾರನ್ನು ಕಾಟಾದಿಂದ ಆಚೆ ನಿಲ್ಲಿಸಿ, ಟ್ರೇಲರ್ ಚಕ್ರಗಳನ್ನಷ್ಟೇ ತೂಗಿ. ವ್ಯತ್ಯಾಸವೇ ಹುಕ್ ಮೇಲಿನ ಭಾರ. 1,000ಕ್ಕೆ 900 ತೋರಿಸಿದರೆ ಸರಿ. 970 ಬಂದರೆ ಸಾಮಾನು ಮುಂದೆ ಸರಿಸಿ.

ಹಾಂ, ಕಬ್ಬಿನ ಟ್ರೇಲರ್ ಮಾಡುವವರ ಹತ್ತಿರ ಅಗ್ಗಕ್ಕೆ ಮಾಡಿಸುವ ಅಡ್ಡದಾರಿ ಬೇಡ. ಬರೀ ಬಣ್ಣ ಬಳಿದ ಕಬ್ಬಿಣವನ್ನು ಉಪ್ಪುನೀರು ಬೇಗ ತಿನ್ನುತ್ತದೆ. ಸತುವಿನ ಲೇಪ ಇರಲೇಬೇಕು.

ಮಾರುವವರ ಎದುರೇ ಹಾಯಿಕಂಬವನ್ನು ನೀವೇ ಎತ್ತಿ ನಿಲ್ಲಿಸಿ ನೋಡಿ. ಮೇಲೆ ಕರೆಂಟ್ ತಂತಿ ಇಲ್ಲದ ಜಾಗ ಆರಿಸಿ, ಕಂಬ ಅಲ್ಯೂಮಿನಿಯಂ, ತಂತಿಗೆ ತಗುಲಿದರೆ ಶಾಕ್ ಹೊಡೆಯುತ್ತದೆ. ಇಂಜಿನ್ 4 ಅಥವಾ 5 ಅಶ್ವಶಕ್ತಿ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಸಮುದ್ರಕ್ಕೆ ಇಳಿಯುವುದು ಬೇಡ. ದೋಣಿ ನೋಡಲು ಹೋಗುವುದು ಮಾತ್ರ ಆಗಲೇ. ಜೋರು ಮಳೆ ಬಿದ್ದ ಮರುದಿನ ಕ್ಯಾಬಿನ್ ಹಾಸಿಗೆ ಒತ್ತಿ ನೋಡಿ. ಕಿಟಕಿ ಸೋರುತ್ತಿದ್ದರೆ ಕೈ ಒದ್ದೆಯಾಗುತ್ತದೆ.