ಇಂಡಿಕೇಟರ್ ಅಲ್ಲಾಡದಿದ್ದಾಗ ನಾನು ಮಾಡಿದ್ದು

ಕೆನಡಾದ ಕ್ಯಾಮ್ಲೂಪ್ಸ್ ಸುತ್ತಮುತ್ತ ರೇನ್‌ಬೋ ಟ್ರೌಟ್ ಮೀನಿಗೆ ಹೆಸರಾದ ಸರೋವರಗಳು ಬೇಕಾದಷ್ಟಿವೆ. ಟಂಕ್ವಾ ಅವುಗಳಲ್ಲೊಂದು. ಮೇ ತಿಂಗಳ ಕೊನೆ, ಅಲ್ಲಿ ದೋಣಿಯಲ್ಲಿ ಕೂತು ಗಾಳ ಹಾಕಿದ್ದೆ. ಫಿಶ್ ಫೈಂಡರ್‌ನಲ್ಲಿ ಮೀನು ಕಾಣ್ತಿವೆ, ಪಕ್ಕದ ದೋಣಿಯವರು ಎಳೀತಾನೇ ಇದ್ದಾರೆ, ನನ್ನ ಇಂಡಿಕೇಟರ್ (ಮೀನು ಕಚ್ಚಿದರೆ ಮುಳುಗುವ, ದಾರಕ್ಕೆ ಸಿಕ್ಕಿಸಿದ ತೇಲುಬೆಂಡು) ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ.

ಆಗ ಟ್ರೌಟ್ ತಿನ್ನೋದು ಹೆಚ್ಚಾಗಿ ಕೈರೊನಮಿಡ್ ಪ್ಯೂಪಾ. ಸೊಳ್ಳೆಯಂತೆಯೇ ಕಾಣುವ, ಆದರೆ ಕಚ್ಚದ ಹುಳದ ಮರಿ. ತಳದ ಕೆಸರಿನಿಂದ ಹೊರಟು ನಿಧಾನಕ್ಕೆ ಮೇಲೇರುತ್ತೆ. ಮೀನು ತಳದ ಹತ್ತಿರವೇ ಕಾದು ನುಂಗುತ್ತೆ. ಹಾಗಾಗಿ ಫ್ಲೈ (ಆ ಹುಳದಂತೆ ಕಾಣೋ ಹಾಗೆ ಕಟ್ಟಿದ ಕೊಕ್ಕೆ) ತಳದಿಂದ ಸುಮಾರು ಒಂದಡಿ ಮೇಲೆ ನಿಲ್ಲಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಮೀನು ಮೂಸದೇ ಹೋಗಬಹುದು.

ಆಳ ಅಳೆಯೋಕೆ, ಕೊಕ್ಕೆ ಬಿಡಿಸೋ ಫೋರ್ಸೆಪ್ಸ್ ಅನ್ನೇ ಫ್ಲೈಗೆ ಕಚ್ಚಿಸಿ ದೋಣಿ ಪಕ್ಕ ನೇರ ಇಳಿಬಿಟ್ಟೆ. ಅದು ತಳ ಮುಟ್ಟಿದ ಮೇಲೆ ದಾರ ಬಿಗಿ ಹಿಡಿದು, ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಇಂಡಿಕೇಟರ್ ಸಿಕ್ಕಿಸಿದೆ. ಅಳತೆ ಪಕ್ಕಾ.

ಆದರೂ ಕಚ್ಚಲಿಲ್ಲ. ಗಾಳಿಗೆ ದೋಣಿ ಆಚೀಚೆ ಓಲಾಡ್ತಾ ದಾರವನ್ನು ಎಳೆದು ಫ್ಲೈಯನ್ನು ಮೇಲೆತ್ತುತ್ತಿತ್ತು. ಮುಂದೊಂದು, ಹಿಂದೊಂದು ಲಂಗರು ಇಳಿಸಿದೆ. ದೋಣಿ ಗಟ್ಟಿಯಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಇಂಡಿಕೇಟರ್ ಸರಕ್ಕನೆ ಮುಳುಗಿತು.

ಲೀಡರ್ (ಫ್ಲೈ ಕಟ್ಟೋ ತುದಿಯ ತೆಳು ದಾರ) ರಾಡ್‌ಗಿಂತ ಉದ್ದ ಇದ್ದರೆ, ಎಳೆತಕ್ಕೆ ಕಳಚಿ ದಾರದಲ್ಲಿ ಜಾರುವ ಇಂಡಿಕೇಟರೇ ತಗೊಳ್ಳಿ. ಇಲ್ಲದಿದ್ದರೆ ಅದು ರಾಡ್ ತುದಿಗೆ ಸಿಕ್ಕಿಕೊಂಡು, ಮೀನು ಬಲೆಗೆ ಎಟುಕೋದೇ ಇಲ್ಲ. ಜಾಗ ಬದಲಿಸಿದರೆ ಆಳವನ್ನು ಮತ್ತೆ ಅಳೆಯಿರಿ.